ಗರಗಸ ತಿನ್ನುವ ಮಿಲಿಮೀಟರು: ಅಳತೆಯ ಪಾಠಕ್ಕೊಂದು ಸಂದರ್ಭ

ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ಬರೆಯುವ ‘ನಿತ್ಯಜೀವನದ ಲೆಕ್ಕ’ಗಳಲ್ಲಿ ಗೋಡೆ ಯಾವಾಗಲೂ ನೇರ, ಮೂಲೆ ಯಾವಾಗಲೂ ಲಂಬಕೋನ. ಅಭ್ಯಾಸ ಬೋಧನೆಗೆ ನಾನು ಬೇರೊಂದು ಸಂದರ್ಭವನ್ನು ಸೂಚಿಸುತ್ತೇನೆ. ಹಳೆಯ ಟ್ರೇಲರೊಂದನ್ನು ಸಂಚಾರಿ ಗ್ರಂಥಾಲಯವನ್ನಾಗಿ ಮಾಡಬೇಕಾಗಿದೆ. ಅದರ ಒಳಗೋಡೆಗೆ ಪ್ಲೈವುಡ್ ಹೊದಿಸಬೇಕು.

ಮೊದಲ ಹಂತ ಎತ್ತರ ಅಳೆಯುವುದು. ಓಡಾಡಿದ ವಾಹನದ ನೆಲ, ಚಾವಣಿ ಅಲ್ಲಲ್ಲಿ ಬಾಗಿರುತ್ತವೆ. ಆದ್ದರಿಂದ ಒಂದೇ ಹಲಗೆಯ ಜಾಗವನ್ನು ಮೂರು ಕಡೆ ಅಳೆಯಬೇಕು. 1822, 1818, 1825 ಮಿ.ಮೀ. ಬಂದವೆನ್ನೋಣ. ಮಕ್ಕಳು ಕೂಡಲೇ ಸರಾಸರಿ ತೆಗೆಯುತ್ತಾರೆ. ಸರಾಸರಿಗೆ ಕತ್ತರಿಸಿದ ಹಲಗೆ 1818 ಇರುವಲ್ಲಿ ಒಳಗೆ ಹೋಗುವುದೇ ಇಲ್ಲ. ಇಲ್ಲಿ ಬೇಕಾದದ್ದು ಕನಿಷ್ಠ ಅಳತೆ. ತೇವಕ್ಕೆ ಮರ ಹಿಗ್ಗುತ್ತದೆ, ಓಡುವಾಗ ಗಾಡಿ ಅಲುಗುತ್ತದೆ. ಹಾಗಾಗಿ ಮೇಲೆ, ಕೆಳಗೆ 3 ಮಿ.ಮೀ. ಬಿಟ್ಟು 1812ಕ್ಕೆ ಕತ್ತರಿಸಬೇಕು. ಉಳಿದ ಸಂದನ್ನು ಬೀಡಿಂಗ್ ಪಟ್ಟಿ ಮುಚ್ಚುತ್ತದೆ.

ಎರಡನೆಯದು ಆಕಾರದ ಪರೀಕ್ಷೆ. ಹಲಗೆಯ ಎದುರುಬದುರು ಬಾಹುಗಳು ಸಮವಾಗಿದ್ದರೆ ಸಾಲದು. ಅದು ಬರಿಯ ಸಮಾಂತರ ಚತುರ್ಭುಜವಾಗಿರಬಹುದು. ಎರಡು ಕರ್ಣಗಳೂ ಸಮವಾದರೆ ಮಾತ್ರ ಆಯತ. ಪಠ್ಯದ ಪ್ರಮೇಯಕ್ಕೆ ಇಲ್ಲಿ ಕೆಲಸವಿದೆ.

ಮೂರನೆಯದು ಚಕ್ರದ ಮೇಲಿನ ಉಬ್ಬು. ಆ ವಕ್ರರೇಖೆಯನ್ನು ಟೇಪಿನಿಂದ ಅಳೆಯುವುದು ಕಷ್ಟ. ರಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ ಒಪ್ಪವಾಗಿ ಕೂರಿಸಿ, ಅದನ್ನೇ ಪ್ಲೈವುಡ್ ಮೇಲಿಟ್ಟು ಗೆರೆ ಎಳೆಯಬೇಕು. ಎದುರು ಗೋಡೆಗೆ ಅದೇ ರಟ್ಟನ್ನು ಮಗುಚಿಡಬೇಕು. ಪ್ರತಿಫಲನ ಸಮಮಿತಿಗೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಬೇಕಿಲ್ಲ.

ಕೊನೆಯದು ಭಾಗಾಕಾರ. 8 ಅಡಿಯ ಪ್ಲೈವುಡ್ ಹಾಳೆಯ ಉದ್ದ 2440 ಮಿ.ಮೀ. ಕಿಟಕಿಯ ಕೆಳಗೆ ಕೂರಿಸಲು 610 ಮಿ.ಮೀ. ಎತ್ತರದ ತುಂಡುಗಳು ಬೇಕು. ಒಂದು ಹಾಳೆಯಿಂದ ಎಷ್ಟು ಸಿಗುತ್ತವೆ? ಪುಸ್ತಕದ ಉತ್ತರ 4. ಆದರೆ ಗರಗಸದ ಸೀಳು 3 ಮಿ.ಮೀ. ಅಗಲವಿದ್ದರೆ ಮೂರು ಕೊಯ್ತಕ್ಕೆ 9 ಮಿ.ಮೀ. ಪುಡಿಯಾಗಿ ಹೋಗುತ್ತದೆ. ಪೂರ್ಣ ತುಂಡುಗಳು 3 ಮಾತ್ರ. ಕೊನೆಯದು 601 ಮಿ.ಮೀ.

ಮೌಲ್ಯಮಾಪನದ ಮಾತು ಇಲ್ಲಿಯೇ ಬರುತ್ತದೆ. ಬಡಗಿಯ ಮನೆಯ ಹುಡುಗಿ ‘3’ ಎಂದು ಬರೆದಳೆನ್ನಿ. ಉತ್ತರಸೂಚಿಯಲ್ಲಿ 4 ಇದೆಯೆಂದು ಕೆಂಪು ಗೆರೆ ಎಳೆದರೆ, ಅಪ್ಪನ ಪಕ್ಕ ನಿಂತು ಕಲಿತದ್ದಕ್ಕೆ ಶಾಲೆಯಲ್ಲಿ ಬೆಲೆಯಿಲ್ಲವೆಂಬ ಪಾಠವನ್ನೇ ನಾವು ಅವಳಿಗೆ ಕಲಿಸಿದಂತಾಗುತ್ತದೆ. ಗೆರೆ ಎಳೆಯುವ ಮೊದಲು “ಹೇಗೆ ಬಂತಮ್ಮ?” ಎಂದು ಕೇಳಿ. ಕಾರಣ ಸರಿಯಿದ್ದರೆ ಪೂರ್ಣ ಅಂಕ ಕೊಡಿ. ಮುಂದಿನ ಸಲ ಪ್ರಶ್ನೆಯಲ್ಲಿಯೇ ಸೀಳಿನ ಅಗಲವನ್ನು ನಮೂದಿಸಿ. ಆಗ ಲೆಕ್ಕ ಎಲ್ಲ ಮಕ್ಕಳಿಗೂ ನ್ಯಾಯವಾಗಿರುತ್ತದೆ.