ಖಳನ ಕಣ್ಣಿನಿಂದ ಕಥೆ: ರನ್ನ ತೋರಿದ ದಾರಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಗದಾಯುದ್ಧದ ಯಕ್ಷಗಾನವನ್ನೋ ತಾಳಮದ್ದಳೆಯನ್ನೋ ನೋಡುವಾಗ ಒಂದು ಸೋಜಿಗವನ್ನು ಅನುಭವಿಸುತ್ತೇವೆ. ಭೀಮನೇ ಗೆಲ್ಲಬೇಕೆಂದು ಬಯಸುತ್ತಿದ್ದರೂ ಮನಸ್ಸು ಕೌರವನಿಗಾಗಿ ಮರುಗುತ್ತದೆ. ಖಳನ ದೃಷ್ಟಿಯಿಂದ ಕಥೆ ಬರೆಯುವುದರ ಮರ್ಮ ಇಲ್ಲಿಯೇ ಇದೆ.

ಸಾವಿರ ವರ್ಷಗಳ ಹಿಂದೆಯೇ ಇದನ್ನು ಅರಿತವನು ರನ್ನ. ಕ್ರಿ.ಶ. 949ರಲ್ಲಿ ಮುಧೋಳದ ಬಳೆಗಾರರ ಮನೆತನದಲ್ಲಿ ಜನಿಸಿದ ಈ ಕವಿ, ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ವನ್ನು ರಚಿಸಿದನು. ಆದರೂ ಆತ ನಮ್ಮನ್ನು ದುರ್ಯೋಧನನ ಜೊತೆಗೆ ರಣಭೂಮಿಯಲ್ಲಿ ನಡೆಸುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಕಳೇಬರಗಳ ಮುಂದೆ ದುರ್ಯೋಧನನು ಶೋಕಿಸುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಸಂಧಿ ಮಾಡಿಕೊಳ್ಳೆಂದು ಭೀಷ್ಮನು ಹೇಳಿದರೂ ಒಪ್ಪುವುದಿಲ್ಲ. ರಾಜ್ಯಕ್ಕಿಂತ ಛಲವೇ ಆತನಿಗೆ ದೊಡ್ಡದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರನ್ನನು ದುರ್ಯೋಧನನ ಅಪರಾಧವನ್ನು ಮುಚ್ಚಿಡುವುದಿಲ್ಲ. ದ್ರೌಪದಿ ತನಗಾದ ಅವಮಾನವನ್ನು ಭೀಮನಿಗೆ ನೆನಪಿಸುವ ಸನ್ನಿವೇಶವೂ ಅದೇ ಕಾವ್ಯದಲ್ಲಿದೆ. ಖಳನ ದುಃಖವನ್ನು ತೋರಿಸುವುದೆಂದರೆ ನೊಂದವರ ದನಿಯನ್ನು ಅಡಗಿಸುವುದಲ್ಲ.

ಆದುದರಿಂದ ನಮ್ಮ ಮನೆಗಳ ಕಿರಿಯರು ಕಥೆ ಬರೆಯಲು ಕುಳಿತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಖಳನು ಯಾವುದನ್ನು ನ್ಯಾಯವೆಂದು ನಂಬಿದ್ದಾನೆ? ಯಾರನ್ನು ಪ್ರೀತಿಸುತ್ತಾನೆ? ಹಿಂದಿರುಗುವ ದಾರಿಯಿದ್ದಾಗ ಏಕೆ ಹಿಂದಿರುಗಲಿಲ್ಲ? ಕೆಡುಕನು ರಾಕ್ಷಸನೇ ಆಗಿಬಿಟ್ಟರೆ ಓದುಗನು ನಿಶ್ಚಿಂತನಾಗುತ್ತಾನೆ. ಆತ ಮನುಷ್ಯನೆಂದು ತಿಳಿದಾಗಲೇ ನಾವು ನಮ್ಮೊಳಗಿನ ಛಲವನ್ನು ಕಂಡು ಎಚ್ಚರಗೊಳ್ಳುತ್ತೇವೆ.