ಜನಮೇಜಯನಿಗೆ ಯಾರು ಹೇಳಿದರು?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಕಾಲೇಜಿನ ಒಬ್ಬ ಪ್ರಶಿಕ್ಷಣಾರ್ಥಿ ಒಂಬತ್ತನೆಯ ತರಗತಿಗೆ ಸರ್ಪಯಾಗದ ಕಥೆಯನ್ನು ಪಾಠ ಮಾಡಿದರು. ಪೂರಕ ಓದಿಗೆಂದು ಅವರೇ ಆರಿಸಿಕೊಂಡ ಕಥೆ. ಪೀಠಿಕೆ ಚೆನ್ನಾಗಿತ್ತು. ಚಿಕ್ಕಮಗಳೂರಿನ ಹಿರೇಮಗಳೂರಿನಲ್ಲಿ ಸರ್ಪಯಾಗದ ಯೂಪಸ್ತಂಭವೆಂದು ಜನ ನಂಬುವ ಕಂಬದ ಚಿತ್ರವೊಂದನ್ನು ತೋರಿಸಿ, ಈ ಯಾಗ ಮಾಡಿದವನು ಯಾರು ಎಂದು ಕೇಳಿದರು. ಕಥೆಯನ್ನೂ ಸೊಗಸಾಗಿ ಹೇಳಿದರು. ಆಮೇಲೆ ಪಾತ್ರ ವಿಶ್ಲೇಷಣೆಗೆ ಬಂದು, ‘ಜನಮೇಜಯ ಯಾಗ ಮಾಡಿದ್ದೇಕೆ?’ ಎಂದರು. ಇಡೀ ತರಗತಿ ಒಂದೇ ದನಿಯಲ್ಲಿ, ‘ಅವರಪ್ಪನ್ನ ಹಾವು ಕಚ್ಚಿ ಸಾಯಿಸ್ತಲ್ಲ ಮೇಡಂ, ಅದಕ್ಕೆ’ ಎಂದಿತು. ಅವರು ಕಪ್ಪುಹಲಗೆಯ ಮೇಲೆ ‘ಸೇಡು’ ಎಂದು ಬರೆದು ಕೆಳಗೆ ಗೆರೆ ಎಳೆದರು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಮೇಡಂ, ಅವರಪ್ಪ ಹೆಂಗೆ ಸತ್ತ ಅಂತ ಅವನಿಗೆ ಆವಾಗ್ಲೇ ಯಾರೂ ಹೇಳಿರ್ಲಿಲ್ವಾ?’ ಎಂದು ಕೇಳಿದ. ಪ್ರಶಿಕ್ಷಣಾರ್ಥಿ ಗಡಿಯಾರ ನೋಡಿಕೊಂಡು, ‘ಅದು ಈಗ ಬೇಡ, ಕೂತ್ಕೊ’ ಎಂದು ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಸಮಯ ಪಾಲನೆ ಉತ್ತಮ, ವಿಷಯಾಂತರವಾಗಲು ಬಿಡಲಿಲ್ಲ’ ಎಂದು ಬರೆದೆ.

ಮಧ್ಯಾಹ್ನ ಊಟದ ಹೊತ್ತಿಗೆ ಆ ತರಗತಿಯ ಶಿಕ್ಷಕರು ಮಾತಿಗೆ ಸಿಕ್ಕರು. ಆ ಹುಡುಗ ಐದನೆಯ ತರಗತಿಯಲ್ಲಿದ್ದಾಗ ಅವನ ತಂದೆ ತೀರಿಕೊಂಡಿದ್ದರಂತೆ. ಆ ವಾರವೆಲ್ಲ ಅವನನ್ನು ಸೋದರಮಾವನ ಮನೆಯಲ್ಲಿ ಇಟ್ಟಿದ್ದರಂತೆ. ಹೇಗೆ ತೀರಿಕೊಂಡರು ಎಂಬುದನ್ನು ಮನೆಯವರು ಇವತ್ತಿಗೂ ಅವನ ಮುಂದೆ ಆಡುವುದಿಲ್ಲವಂತೆ.

ನಾನು ಬರೆದ ಷರಾ ತಪ್ಪು. ಅದು ತಪ್ಪೆನ್ನುವುದು ಆ ಹುಡುಗನ ಮೇಲಿನ ಕನಿಕರದಿಂದ ಮಾತ್ರವಲ್ಲ. ಸಾಹಿತ್ಯ ಪಾಠದ ದೃಷ್ಟಿಯಿಂದಲೂ ಅವತ್ತು ತರಗತಿಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ಏಕೆಂದರೆ ಮಹಾಭಾರತದ ಆದಿಪರ್ವ ಆ ಪ್ರಶ್ನೆಯನ್ನು ಎತ್ತುತ್ತದೆ, ಉತ್ತರವನ್ನೂ ಕೊಡುತ್ತದೆ.

ಕಥೆಯನ್ನು ಬಿಡಿಸಿ ನೋಡೋಣ. ಪರೀಕ್ಷಿತ ಬೇಟೆಗೆ ಹೋಗಿ, ಬಾಯಾರಿ, ಮೌನವ್ರತದಲ್ಲಿದ್ದ ಶಮೀಕ ಋಷಿಯನ್ನು ಮಾತನಾಡಿಸುತ್ತಾನೆ. ಉತ್ತರ ಬರದಿದ್ದಾಗ ಸತ್ತ ಹಾವೊಂದನ್ನು ಬಿಲ್ಲಿನ ತುದಿಯಿಂದ ಎತ್ತಿ ಋಷಿಯ ಹೆಗಲಿಗೆ ಹಾಕುತ್ತಾನೆ. ಋಷಿಯ ಮಗ ಶೃಂಗಿ, ಏಳು ದಿನದೊಳಗೆ ತಕ್ಷಕ ಕಚ್ಚಿ ರಾಜ ಸಾಯಲಿ ಎಂದು ಶಪಿಸುತ್ತಾನೆ. ರಾಜ ಒಂಟಿಕಂಬದ ಮನೆ ಕಟ್ಟಿಸಿಕೊಂಡು ಕಾವಲಿನಲ್ಲಿ ಕೂರುತ್ತಾನೆ. ತಕ್ಷಕ ಹಣ್ಣಿನೊಳಗಿನ ಹುಳುವಾಗಿ ಬಂದು ಕೊಲ್ಲುತ್ತಾನೆ. ಮಂತ್ರಿಗಳು ಇನ್ನೂ ಮಗುವಾಗಿದ್ದ ಜನಮೇಜಯನಿಗೆ ಪಟ್ಟ ಕಟ್ಟುತ್ತಾರೆ.

ಇಲ್ಲಿಯವರೆಗಿನದನ್ನು ಎಲ್ಲರೂ ಪಾಠ ಮಾಡುತ್ತಾರೆ. ಇಲ್ಲಿಂದ ನೇರ ಯಾಗಕ್ಕೆ ಹಾರುತ್ತಾರೆ. ಆದರೆ ನಡುವೆ ವರ್ಷಗಳಿವೆ. ಜನಮೇಜಯ ಬೆಳೆಯುತ್ತಾನೆ, ಕಾಶಿರಾಜನ ಮಗಳು ವಪುಷ್ಟಮೆಯನ್ನು ಮದುವೆಯಾಗುತ್ತಾನೆ, ತಕ್ಷಶಿಲೆಯನ್ನು ಗೆಲ್ಲುತ್ತಾನೆ. ಆ ವರ್ಷಗಳಲ್ಲಿ ಅವನು ಸೇಡಿಗಾಗಿ ಹಲ್ಲು ಕಡಿಯುತ್ತಿದ್ದ ಎಂಬ ಮಾತೇ ಇಲ್ಲ. ತಕ್ಷಶಿಲೆಯನ್ನು ಗೆದ್ದು ಬಂದಾಗ ಉತ್ತಂಕನೆಂಬ ಬ್ರಾಹ್ಮಣ ಆಸ್ಥಾನಕ್ಕೆ ಬಂದು, ಮಾಡಬೇಕಾದ ಕೆಲಸ ಬಿಟ್ಟು ಹುಡುಗಾಟದಂತೆ ಬೇರೇನೋ ಮಾಡುತ್ತಿದ್ದೀಯೆ, ನಿನ್ನ ತಂದೆಯನ್ನು ಕೊಂದವನು ತಕ್ಷಕ ಎಂದು ಹೇಳುತ್ತಾನೆ. ಉತ್ತಂಕನಿಗೆ ರಾಜನ ತಂದೆಯ ಮೇಲೆ ಎಲ್ಲಿಯ ಪ್ರೀತಿ? ಗುರುಪತ್ನಿಗೆಂದು ಅವನು ತರುತ್ತಿದ್ದ ಕರ್ಣಕುಂಡಲಗಳನ್ನು ತಕ್ಷಕ ಕದ್ದಿದ್ದ. ಅವನ ಹಗೆ ಕುಂಡಲದ್ದು. ಅದನ್ನು ತೀರಿಸಿಕೊಳ್ಳಲು ಅವನಿಗೆ ಒಬ್ಬ ರಾಜ ಬೇಕಿತ್ತು; ತಂದೆಯಿಲ್ಲದ ರಾಜನಾದರೆ ಇನ್ನೂ ಅನುಕೂಲ.

ನಮ್ಮ ಪಾಠಯೋಜನೆಗಳಲ್ಲಿ ಸಾಮಾನ್ಯವಾಗಿ ‘ತಂದೆಯ ಸಾವು, ಆದ್ದರಿಂದ ಸೇಡು’ ಎಂದು ಬಾಣದ ಗುರುತು ಹಾಕಿಬಿಡುತ್ತೇವೆ. ವ್ಯಾಸಭಾರತ ಆ ಎರಡರ ನಡುವೆ ಒಬ್ಬ ಹೇಳುಗನನ್ನು ತಂದು ನಿಲ್ಲಿಸಿದೆ. ಸಾವು ಮಗನಲ್ಲಿ ಒಂದು ಖಾಲಿ ಜಾಗ ಮಾಡಿತು. ಅಲ್ಲಿಗೆ ಉದ್ದೇಶವನ್ನು ತಂದು ತುಂಬಿದವನು ಬೇರೆಯವನು, ಅದೂ ತನ್ನ ಸ್ವಂತ ಕಾರಣಕ್ಕೆ. ಶೃಂಗಿಯ ವಿಷಯದಲ್ಲೂ ಹೀಗೇ ಆಗಿದೆ ನೋಡಿ. ಅಪ್ಪನ ಹೆಗಲ ಮೇಲೆ ಹಾವು ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕೃಶನೆಂಬ ಗೆಳೆಯ ಅಣಕಿಸಿ ಹೇಳಿದ. ಆ ಅಣಕವೇ ಶಾಪವಾಯಿತು. ಶಮೀಕನಿಗಾದರೋ ಸಿಟ್ಟೇ ಬಂದಿರಲಿಲ್ಲ. ಅವನು ಮಗನನ್ನು ಗದರಿ, ರಾಜನಿಗೆ ಎಚ್ಚರಿಕೆ ಹೇಳಿಕಳಿಸುತ್ತಾನೆ.

ಉತ್ತಂಕನ ಮಾತು ಕೇಳಿದ ಜನಮೇಜಯ ಒಡನೆ ಅಗ್ನಿ ಹೊತ್ತಿಸುವುದಿಲ್ಲ. ಮಂತ್ರಿಗಳನ್ನು ಕರೆದು, ನನ್ನ ತಂದೆ ಹೇಗೆ ಬದುಕಿದ್ದ, ಹೇಗೆ ಸತ್ತ, ಎಲ್ಲವನ್ನೂ ಹೇಳಿ ಎನ್ನುತ್ತಾನೆ. ಅಂದರೆ ಹಿಂದಿನ ಬೆಂಚಿನ ಹುಡುಗ ಕೇಳಿದ್ದನ್ನೇ ಕೇಳುತ್ತಾನೆ. ಮಂತ್ರಿಗಳು ಹೇಳುವ ವಿವರಗಳಲ್ಲಿ ಒಂದು ಅವನನ್ನು ಚುಚ್ಚುತ್ತದೆ. ವಿಷ ಇಳಿಸಬಲ್ಲ ಕಾಶ್ಯಪನೆಂಬ ಬ್ರಾಹ್ಮಣ ರಾಜನನ್ನು ಉಳಿಸಲು ಹೊರಟಿದ್ದ. ದಾರಿಯಲ್ಲಿ ತಕ್ಷಕ ಅವನನ್ನು ತಡೆದು, ಪರೀಕ್ಷೆಗೆಂದು ಒಂದು ಆಲದ ಮರವನ್ನು ಕಚ್ಚಿ ಬೂದಿ ಮಾಡಿದ. ಕಾಶ್ಯಪ ಆ ಮರವನ್ನು ಮತ್ತೆ ಚಿಗುರಿಸಿದ. ಆಗ ತಕ್ಷಕ ಬೇಕಾದಷ್ಟು ಹಣ ಕೊಟ್ಟು ಅವನನ್ನು ಹಿಂದಕ್ಕೆ ಕಳಿಸಿದ. ಇದನ್ನು ಕೇಳಿ ಜನಮೇಜಯ, ನಿರ್ಜನವಾದ ಕಾಡಿನಲ್ಲಿ ನಡೆದದ್ದು ನಿಮಗೆ ಹೇಗೆ ತಿಳಿಯಿತು ಎಂದು ಪಾಟೀಸವಾಲು ಹಾಕುತ್ತಾನೆ. ಕಟ್ಟಿಗೆಗೆಂದು ಆ ಮರ ಹತ್ತಿ ಕುಳಿತಿದ್ದವನೊಬ್ಬ ಮರದ ಜೊತೆಯೇ ಸುಟ್ಟು, ಮರದ ಜೊತೆಯೇ ಬದುಕಿಬಂದು ಹೇಳಿದನೆಂದು ಮಂತ್ರಿಗಳು ಉತ್ತರಿಸುತ್ತಾರೆ.

ಆಮೇಲೆ ಅವನ ಸಿಟ್ಟು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಶೃಂಗಿಯದು ಶಾಪ, ಅದು ಆಗಿಹೋಯಿತು. ಆದರೆ ಆ ವೈದ್ಯ ಬಂದಿದ್ದರೆ ಅಪ್ಪ ಉಳಿಯುತ್ತಿದ್ದನಲ್ಲ, ಅವನನ್ನು ಬರಗೊಡದವನು ತಕ್ಷಕನಲ್ಲವೇ ಎಂಬುದು ಅವನ ತರ್ಕ. ಯಾವ ಸಾವಿನ ಮನೆಯಲ್ಲಿ ಈ ಮಾತು ಕೇಳಿಲ್ಲ? ‘ಆಂಬುಲೆನ್ಸ್ ಹತ್ತು ನಿಮಿಷ ಮೊದಲು ಬಂದಿದ್ದರೆ’, ‘ಆ ಡಾಕ್ಟರು ರಜೆ ಹಾಕದಿದ್ದರೆ’. ಸಾವಿನ ಮೇಲೆ ಸಿಟ್ಟು ಮಾಡುವುದು ಕಷ್ಟ. ತಪ್ಪಿಸಬಹುದಾಗಿದ್ದ ಒಂದು ಗಳಿಗೆಯ ಮೇಲೆ ಸಿಟ್ಟು ಮಾಡುವುದು ಸುಲಭ. ರಾಜನ ಕೈಯಲ್ಲಿ ಋತ್ವಿಜರೂ ತುಪ್ಪವೂ ಇದ್ದುದರಿಂದ ಅವನ ಸಿಟ್ಟು ಇಡೀ ಸರ್ಪಕುಲದ ಮೇಲೆ ತಿರುಗಿತು. ಏನೂ ಅರಿಯದ ಹಾವುಗಳೂ ಬೆಂಕಿಗೆ ಬಿದ್ದವು.

ಇನ್ನು ಯಾಗವನ್ನು ನಿಲ್ಲಿಸಲು ಬಂದ ಆಸ್ತೀಕ. ನಮ್ಮಲ್ಲಿ ಅವನನ್ನು ಕಥೆಯ ಕೊನೆಯಲ್ಲಿ ಬಂದುಹೋಗುವ ಜಾಣ ಬಾಲಕನಂತೆ ಎರಡು ಸಾಲಿನಲ್ಲಿ ಮುಗಿಸುತ್ತೇವೆ. ಅವನೂ ಅಪ್ಪನನ್ನು ಕಾಣದೆ ಬೆಳೆದ ಹುಡುಗ. ಅವನ ತಂದೆ ಜರತ್ಕಾರು, ಸಂಜೆಯಾಯಿತೆಂದು ನಿದ್ದೆಯಿಂದ ಎಬ್ಬಿಸಿದ ಹೆಂಡತಿಯನ್ನು ಗರ್ಭಿಣಿಯಾಗಿರುವಾಗಲೇ ಬಿಟ್ಟು ಹೊರಟವನು. ಹುಡುಗ ಬೆಳೆದದ್ದು ಸೋದರಮಾವ ವಾಸುಕಿಯ ಮನೆಯಲ್ಲಿ, ಹಾವುಗಳ ನಡುವೆ. ಯಾಗ ಶುರುವಾದಾಗ ತಾಯಿ ಅವನನ್ನು ಕರೆದು, ನನ್ನನ್ನು ನಿನ್ನ ತಂದೆಗೆ ಕೊಟ್ಟದ್ದು ಈ ಹೊತ್ತಿಗಾಗಿ, ಈಗ ನಿನ್ನ ಮಾವಂದಿರನ್ನು ಉಳಿಸು ಎನ್ನುತ್ತಾಳೆ. ಯಜ್ಞಶಾಲೆಯಲ್ಲಿ ಎದುರುಬದುರಾಗಿ ನಿಂತವರು ತಂದೆಯಿಲ್ಲದೆ ಬೆಳೆದ ಇಬ್ಬರು. ಒಬ್ಬನಿಗೆ ಕಥೆ ಹೇಳಿದವನು ಉತ್ತಂಕ, ಇನ್ನೊಬ್ಬನಿಗೆ ಹೇಳಿದವಳು ತಾಯಿ. ಒಬ್ಬ ಕುಲವನ್ನು ಸುಡಲು ಕುಳಿತಿದ್ದಾನೆ, ಇನ್ನೊಬ್ಬ ತನ್ನನ್ನು ಸಾಕಿದ ಕುಲವನ್ನು ಉಳಿಸಲು ಬಂದಿದ್ದಾನೆ. ತಂದೆಯಿಲ್ಲದ ಪಾತ್ರ ಹೀಗೆಯೇ ನಡೆದುಕೊಳ್ಳುತ್ತದೆ ಎಂದು ಬರೆಸುವ ಟಿಪ್ಪಣಿಗಳು ಈ ಒಂದು ದೃಶ್ಯದ ಮುಂದೆ ನಿಲ್ಲುವುದಿಲ್ಲ.

ಆಸ್ತೀಕನಿಗೆ ವರ ಕೊಡುತ್ತೇನೆಂದ ರಾಜ, ಅವನು ಯಾಗವನ್ನು ನಿಲ್ಲಿಸು ಎಂದಾಗ ತಬ್ಬಿಬ್ಬಾಗಿ, ಚಿನ್ನ ತಗೋ, ಬೆಳ್ಳಿ ತಗೋ, ಹಸು ತಗೋ ಎನ್ನುತ್ತಾನೆ. ಹುಡುಗ ಬಗ್ಗುವುದಿಲ್ಲ. ಯಾಗ ನಿಲ್ಲುತ್ತದೆ. ತಕ್ಷಕ ಉಳಿಯುತ್ತಾನೆ. ಸೇಡೇ ಅವನ ಪ್ರೇರಣೆಯಾಗಿದ್ದರೆ ಜನಮೇಜಯ ಕಹಿಯಾಗಬೇಕಿತ್ತು. ಅವನು ಆಸ್ತೀಕನನ್ನು ಸತ್ಕರಿಸಿ ಕಳಿಸುತ್ತಾನೆ.

ಹಾಗಾದರೆ ಅವನಿಗೆ ಬೇಕಾಗಿದ್ದುದೇನು? ಇದಕ್ಕೆ ಸುಳಿವು ಬಹಳ ದೂರದಲ್ಲಿ, ಆಶ್ರಮವಾಸಿಕ ಪರ್ವದಲ್ಲಿದೆ. ಕುಮಾರವ್ಯಾಸನ ಹತ್ತು ಪರ್ವಗಳು ಗದಾಪರ್ವಕ್ಕೆ ನಿಲ್ಲುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಈ ಭಾಗ ಅಷ್ಟಾಗಿ ಗೊತ್ತಿಲ್ಲ. ಯುದ್ಧದಲ್ಲಿ ಸತ್ತವರನ್ನೆಲ್ಲ ವ್ಯಾಸರು ಒಂದು ರಾತ್ರಿ ಗಂಗೆಯಿಂದ ಎಬ್ಬಿಸಿ ಅವರವರ ಬಂಧುಗಳಿಗೆ ತೋರಿಸಿದ ಕಥೆಯನ್ನು ವೈಶಂಪಾಯನ ಹೇಳುತ್ತಾನೆ. ಕೇಳುತ್ತಾ ಕುಳಿತ ಜನಮೇಜಯ, ನನ್ನ ತಂದೆಯನ್ನೂ ಅವನಿದ್ದ ಹಾಗೆಯೇ ತೋರಿಸಿದರೆ ನಾನು ಇದನ್ನು ನಂಬುತ್ತೇನೆ ಎನ್ನುತ್ತಾನೆ. ವ್ಯಾಸರು ಪರೀಕ್ಷಿತನನ್ನು ಕರೆತರುತ್ತಾರೆ. ಜೊತೆಯಲ್ಲಿ ಶಮೀಕನೂ ಶೃಂಗಿಯೂ ಬರುತ್ತಾರೆ. ಮಗ ಅಪ್ಪನಿಗೆ ಸ್ನಾನ ಮಾಡಿಸುತ್ತಾನೆ. ಶಪಿಸಿದ ಶೃಂಗಿ ಪಕ್ಕದಲ್ಲಿ ನಿಂತಿದ್ದರೂ ಅವನ ಮೇಲೆ ಸಿಟ್ಟಿಲ್ಲ. ಹಾವುಗಳನ್ನು ಸುಟ್ಟು ಹುಡುಕುತ್ತಿದ್ದುದು ಇದನ್ನೇ ಇರಬಹುದು. ‘ಇರಬಹುದು’ ಎಂದೇ ತರಗತಿಯಲ್ಲೂ ಹೇಳಿ; ಮಹಾಭಾರತ ಇದನ್ನು ಬಾಯಿಬಿಟ್ಟು ಹೇಳಿಲ್ಲ.

ಪಾತ್ರ ಹೇಳಿಕೊಳ್ಳುವ ಉದ್ದೇಶ ಒಂದು, ಅದರ ಅಡಿಯಲ್ಲಿರುವ ಬಯಕೆ ಇನ್ನೊಂದು. ಮಕ್ಕಳಿಗೆ ಇದು ಕಷ್ಟವಾದೀತು ಎಂಬ ಅನುಮಾನವಿದ್ದರೆ ಅವರು ಸಿನಿಮಾದಲ್ಲಿ ನೋಡಿರುವ ಹ್ಯಾರಿ ಪಾಟರನನ್ನು ತನ್ನಿ. 1999ರಲ್ಲಿ ಬಂದ ಮೂರನೆಯ ಪುಸ್ತಕದಲ್ಲಿ, ಡಿಮೆಂಟರುಗಳು ಹತ್ತಿರ ಬಂದಾಗಲೆಲ್ಲ ಹ್ಯಾರಿಗೆ ತಾಯಿಯ ಕೊನೆಯ ಗಳಿಗೆಯ ಕೂಗು ಕೇಳಿಸುತ್ತದೆ. ಅವುಗಳನ್ನು ಓಡಿಸುವ ಮಂತ್ರವನ್ನು ಅವನು ಕಲಿಯಲು ಹೊರಡುತ್ತಾನೆ. ಆದರೆ ಕಲಿಕೆ ಸರಾಗವಾಗಿ ಸಾಗುವುದಿಲ್ಲ. ಮನಸ್ಸಿನ ಒಂದು ಮೂಲೆಗೆ ಆ ದನಿ ಇನ್ನೊಮ್ಮೆ ಕೇಳಬೇಕೆನಿಸುತ್ತದೆ. ಅಮ್ಮನ ದನಿ ಅವನಿಗೆ ಸಿಗುವುದು ಆ ಭಯದೊಳಗೆ ಮಾತ್ರ. ಎಂಟನೆಯ ತರಗತಿಯ ಮಕ್ಕಳು ಇದನ್ನು ಥಟ್ಟನೆ ಹಿಡಿಯುತ್ತಾರೆ. ಅದೇ ಸರಣಿಯಲ್ಲಿ ಹುಟ್ಟಿದ ಕೂಡಲೇ ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದ ಟಾಮ್ ರಿಡಲ್ ಸಾವನ್ನೇ ಗೆಲ್ಲಲು ಹೊರಟು ಕೊಲೆಗಾರನಾಗುತ್ತಾನೆ. ಜನಮೇಜಯ–ಆಸ್ತೀಕರನ್ನು ಓದಿದವರಿಗೆ ಈ ಜೋಡಿ ಹೊಸದೆನಿಸದು.

ತರಗತಿಯ ಮಾತಿಗೆ ಬರುತ್ತೇನೆ. ‘ಏಕೆ ಮಾಡಿದ?’ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಬರುತ್ತದೆ. ಅದರ ಬದಲು ‘ಅವನಿಗೆ ಯಾರು ಹೇಳಿದರು?’, ‘ಹೇಳಿದವರಿಗೆ ಏನು ಬೇಕಿತ್ತು?’, ‘ಅವನು ಯಾರನ್ನು ಏನು ಕೇಳಿದ?’, ‘ಸೇಡು ತೀರದಿದ್ದರೂ ಅವನು ಸುಮ್ಮನಾದದ್ದು ಹೇಗೆ?’ ಎಂದು ಕೇಳಿ ನೋಡಿ. ನಾಲ್ಕಕ್ಕೂ ಉತ್ತರ ಕಥೆಯಲ್ಲೇ ಇದೆ, ಊಹಿಸಬೇಕಾಗಿಲ್ಲ. ನಲವತ್ತು ನಿಮಿಷಕ್ಕೆ ಇಷ್ಟೆಲ್ಲ ಹಿಡಿಸುವುದಿಲ್ಲ ಎಂಬ ಆಕ್ಷೇಪ ಸರಿ. ಎರಡು ಅವಧಿ ತೆಗೆದುಕೊಳ್ಳಿ. ಯೂಪಸ್ತಂಭದ ಪೀಠಿಕೆಯನ್ನು ಮೊಟಕು ಮಾಡಿ.

ಪಾಠಯೋಜನೆಯ ಕೊನೆಯಲ್ಲಿ ‘ಸ್ವಂತ ಅನುಭವಕ್ಕೆ ಜೋಡಿಸುವುದು’ ಎಂದೊಂದು ಹಂತವಿರುತ್ತದೆ. ಈ ಬಗೆಯ ಪಾಠದಲ್ಲಿ ಅದನ್ನು ಬಿಟ್ಟುಬಿಡಿ. ‘ನಿಮ್ಮ ತಂದೆಗೆ ಹೀಗಾಗಿದ್ದರೆ ನೀವೇನು ಮಾಡುತ್ತಿದ್ದಿರಿ?’ ಎಂದು ಮೂವತ್ತೆಂಟು ಮಕ್ಕಳ ಮುಂದೆ ಕೇಳಿದರೆ, ನಿಜವಾಗಿಯೂ ಹಾಗಾದ ಮಗು ಉತ್ತರಿಸಲೂ ಆರದು, ಸುಮ್ಮನಿರಲೂ ಆರದು. ತಂದೆ ಅಥವಾ ತಾಯಿ ಇಲ್ಲದ ಮಕ್ಕಳು ತರಗತಿಯಲ್ಲಿದ್ದಾರೆಯೇ ಎಂದು ತರಗತಿ ಶಿಕ್ಷಕರನ್ನು ಮುಂಚಿತವಾಗಿ ಕೇಳಿಕೊಳ್ಳಿ. ಹಾಗೆ ತಿಳಿದುಕೊಂಡು ಪಾಠವನ್ನೇ ಕೈಬಿಡುವುದೂ ಬೇಡ. ಆ ಹುಡುಗ ಕಥೆಯಿಂದ ತಪ್ಪಿಸಿಕೊಳ್ಳಲಿಲ್ಲ, ಎದ್ದು ನಿಂತು ಕೇಳಿದ. ಮಗು ತಾನಾಗಿ ಕೇಳಿದ್ದಕ್ಕೆ ಕಥೆಯೊಳಗಿನಿಂದಲೇ ಉತ್ತರ ಕೊಟ್ಟರೆ ಸಾಕು.

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಇನ್ನೊಂದು ಅವಧಿ ಕೇಳಿ ತೆಗೆದುಕೊಂಡರು. ‘ಅವತ್ತು ಒಬ್ಬರು ಒಂದು ಪ್ರಶ್ನೆ ಕೇಳಿದ್ರು, ನಾನು ಉತ್ತರ ಹೇಳಿರ್ಲಿಲ್ಲ’ ಎಂದು ಯಾರ ಕಡೆಗೂ ನೋಡದೆ ಶುರು ಮಾಡಿ, ಉತ್ತಂಕನಿಂದ ಮರದ ಮೇಲಿನ ಮನುಷ್ಯನವರೆಗೆ ಹೇಳಿದರು. ಹುಡುಗ ಆ ದಿನ ಏನೂ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು, ಮರದ ಮೇಲೆ ಕೂತಿದ್ದವನ ಹೆಸರೇನು ಎಂದು ಕೇಳಿದನಂತೆ. ಕಥೆಯಲ್ಲಿ ಅವನಿಗೆ ಹೆಸರಿಲ್ಲ ಎಂದು ಇವರು ಹೇಳಿದರಂತೆ. ‘ಅವನು ಇಳಿದು ಬಂದು ಹೇಳಿದ್ದು ಒಳ್ಳೇದಾಯ್ತು’ ಎಂದು ಹೇಳಿ ಚೀಲ ಎತ್ತಿಕೊಂಡು ಹೋದನಂತೆ. ವೀಕ್ಷಣಾ ಪುಸ್ತಕದ ಹಳೆಯ ಷರಾವನ್ನು ನಾನು ಹೊಡೆದುಹಾಕಿ, ದಿನಾಂಕ ಹಾಕಿ ಸಹಿ ಮಾಡಿದ್ದೇನೆ.