ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ ಅಳವಡಿಕೆ: ಮೀನುಗಾರರು ಗಮನಿಸಬೇಕಾದ ಅಂಶಗಳು

ಪೀಠಿಕೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಸಾಂಪ್ರದಾಯಿಕ ಮೀನುಗಾರರು ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಅಳವಡಿಸಿಕೊಂಡು ಮೀನುಗಾರಿಕೆ ನಡೆಸುತ್ತಿದ್ದಾರೆ. ಎಂಜಿನ್ ಖರೀದಿಸುವಾಗ ಬೆಲೆ ಮತ್ತು ಅಶ್ವಶಕ್ತಿಯ ಬಗ್ಗೆ ವಿಚಾರಿಸುವಷ್ಟು ಆಸಕ್ತಿಯಿಂದ ಅದನ್ನು ದೋಣಿಗೆ ಜೋಡಿಸುವ ವಿಧಾನದ ಬಗ್ಗೆ ವಿಚಾರಿಸುವುದು ಅಪರೂಪ. ಆದರೆ ಅಳಿವೆಯ ಬಾಯಲ್ಲಿ ಅಲೆಗಳ ನಡುವೆ ಎಂಜಿನ್ ಸಡಿಲಗೊಂಡರೆ ಅಥವಾ ಕಳಚಿಬಿದ್ದರೆ ದೋಣಿಯು ಹಿಡಿತ ತಪ್ಪಿ ಅಲೆಗೆ ಅಡ್ಡಲಾಗಿ ಮಗುಚುತ್ತದೆ. ಆದುದರಿಂದ ಎಂಜಿನ್ನಿನ ಬಲಕ್ಕಿಂತ ಮೊದಲು ಅದನ್ನು ಹೊರುವ ದೋಣಿಯ ಬಲವನ್ನು ಪರಿಶೀಲಿಸುವುದು ಅಗತ್ಯ.

1. ಅಶ್ವಶಕ್ತಿಯ ಆಯ್ಕೆ

ದೋಣಿಯ ಉದ್ದ, ಅಗಲ ಹಾಗೂ ಸಾಗಿಸುವ ಬಲೆ, ಮೀನು ಮತ್ತು ಜನರ ತೂಕವನ್ನು ಪರಿಗಣಿಸಿ ಎಂಜಿನ್ ಆಯ್ಕೆ ಮಾಡತಕ್ಕದ್ದು. 9.9 ಅಶ್ವಶಕ್ತಿಯ ಎಂಜಿನ್ ಸುಮಾರು 35 ರಿಂದ 45 ಕಿ.ಗ್ರಾಂ. ತೂಗುತ್ತದೆ. ಈ ಭಾರವೆಲ್ಲ ದೋಣಿಯ ಹಿಂತುದಿಯ ಮೇಲೆ ಬೀಳುವುದರಿಂದ, ದೋಣಿಗೆ ಮೀರಿದ ಎಂಜಿನ್ ಅಳವಡಿಸಿದಲ್ಲಿ ಹಿಂಬದಿ ತಗ್ಗಿ, ಹಿಂದಿನಿಂದ ಬರುವ ಅಲೆಯು ಸುಲಭವಾಗಿ ಒಳನುಗ್ಗುತ್ತದೆ.

ಮಳೆಗಾಲದ ಮೀನುಗಾರಿಕೆ ನಿಷೇಧವನ್ನೂ ಇಲ್ಲಿ ಗಮನಿಸಬೇಕು. ರಾಜ್ಯದಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ, ಒಟ್ಟು 61 ದಿನಗಳ ನಿಷೇಧವು ಯಾಂತ್ರೀಕೃತ ದೋಣಿಗಳಿಗೆ ಮಾತ್ರವಲ್ಲದೆ, 10 ಅಶ್ವಶಕ್ತಿಗಿಂತ ಹೆಚ್ಚಿನ ಸಾಮರ್ಥ್ಯದ ಎಂಜಿನ್ ಅಳವಡಿಸಿದ ಸಾಂಪ್ರದಾಯಿಕ ದೋಣಿಗಳಿಗೂ ಅನ್ವಯಿಸುತ್ತದೆ. ಮಳೆಗಾಲದ ನಾಡದೋಣಿ ಮೀನುಗಾರಿಕೆಯನ್ನೇ ನಂಬಿರುವವರು ಖರೀದಿಗೆ ಮುನ್ನ ಈ ಮಿತಿಯನ್ನು ನೆನಪಿನಲ್ಲಿಡತಕ್ಕದ್ದು.

2. ಹಿಂಬದಿ ಹಲಗೆಯ ಪರಿಶೀಲನೆ

ಎಂಜಿನ್ ದೋಣಿಯನ್ನು ಮುಂದಕ್ಕೆ ತಳ್ಳುವಾಗ ಆ ಒತ್ತಡವೆಲ್ಲ ಹಿಂಬದಿಯ ಅಡ್ಡಹಲಗೆಯ ಮೂಲಕವೇ ದೋಣಿಗೆ ತಲುಪುತ್ತದೆ. ಮರದ ದೋಣಿಯಾದರೆ ಹಲಗೆಯಲ್ಲಿ ಬಿರುಕು, ಹುಳುಕು ಅಥವಾ ಕೊಳೆತ ಭಾಗವಿದೆಯೇ ಎಂದು ತಟ್ಟಿ, ಚುಚ್ಚಿ ನೋಡಬೇಕು. ಫೈಬರ್ ದೋಣಿಯಲ್ಲಿ ಹೊರಪದರ ಚೆನ್ನಾಗಿ ಕಂಡರೂ ಒಳಗಿನ ಪ್ಲೈವುಡ್ ನೀರು ಕುಡಿದು ಮೆತ್ತಗಾಗಿರಬಹುದು. ತಟ್ಟಿದಾಗ ಮಂಕಾದ ಸದ್ದು ಬಂದಲ್ಲಿ ಮೊದಲು ಹಲಗೆಯನ್ನು ದುರಸ್ತಿ ಮಾಡಿಸತಕ್ಕದ್ದು.

ಎರಡೂ ತುದಿ ಚೂಪಾಗಿರುವ ದೋಣಿಗಳಲ್ಲಿ ಎಂಜಿನ್ನನ್ನು ಪಕ್ಕದ ಚೌಕಟ್ಟಿಗೆ ಕೂರಿಸುವುದುಂಟು. ಹಾಗೆ ಮಾಡಿದಾಗ ತಳ್ಳುವ ಬಲ ಒಂದು ಬದಿಗೆ ಬಿದ್ದು ದೋಣಿ ಎಳೆಯುವುದರಿಂದ, ಚೌಕಟ್ಟನ್ನು ಎರಡೂ ಬದಿಯ ಅಂಚುಗಳಿಗೆ ಭದ್ರವಾಗಿ ಬಿಗಿಸಿರಬೇಕು.

3. ಎತ್ತರದ ಅಳತೆ

ಹಿಂಬದಿ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ಮಧ್ಯಭಾಗದಲ್ಲಿ ನೇರವಾಗಿ ಅಳೆಯಬೇಕು. ಎಂಜಿನ್‌ಗಳು ಸಾಮಾನ್ಯವಾಗಿ 15 ಇಂಚು (381 ಮಿ.ಮೀ.) ಮತ್ತು 20 ಇಂಚು (508 ಮಿ.ಮೀ.) ಎತ್ತರದ ಹಲಗೆಗಳಿಗೆ ಹೊಂದುವ ಎರಡು ಅಳತೆಗಳಲ್ಲಿ ದೊರೆಯುತ್ತವೆ.

ಪ್ರೊಪೆಲ್ಲರ್‌ನ ಮೇಲ್ಭಾಗದಲ್ಲಿರುವ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಸಮನಾಗಿ ಅಥವಾ ಸುಮಾರು 1 ಇಂಚು ಕೆಳಗೆ ಇರತಕ್ಕದ್ದು. ಅದಕ್ಕಿಂತ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಸುಮ್ಮನೆ ಅಬ್ಬರಿಸುತ್ತದೆಯೇ ಹೊರತು ದೋಣಿ ಮುಂದೆ ಸಾಗುವುದಿಲ್ಲ. ತಂಪುಗೊಳಿಸುವ ನೀರು ಸಾಲದೆ ಎಂಜಿನ್ ಬಿಸಿಯಾಗುವ ಸಂಭವವೂ ಇದೆ. ಹೆಚ್ಚು ಕೆಳಗಿದ್ದರೆ ನೀರಿನ ಎಳೆತ ಹೆಚ್ಚಾಗಿ ಇಂಧನ ವ್ಯರ್ಥವಾಗುತ್ತದೆ.

4. ಜೋಡಣೆಯ ಕ್ರಮ

ಅ) ಎಂಜಿನ್ನನ್ನು ಹಲಗೆಯ ನಟ್ಟನಡುವೆ ಕೂರಿಸಿ, ಎರಡೂ ಹಿಡಿತಿರುಪುಗಳನ್ನು ಕೈಯಿಂದ ಸಮನಾಗಿ ಬಿಗಿಸುವುದು.

ಆ) ಹಿಡಿತಿರುಪುಗಳು ಎಂಜಿನ್ನಿನ ಅದಿರಿಗೆ ಸಡಿಲಗೊಳ್ಳುವುದರಿಂದ ಅವನ್ನಷ್ಟೇ ನಂಬಬಾರದು. ಹಲಗೆಯ ಮೂಲಕ ಹಾಯುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನು ಹಾಕಿ, ಒಳಬದಿಯಲ್ಲಿ ಅಗಲವಾದ ವಾಷರ್ ಅಥವಾ ಪಟ್ಟಿ ಇಟ್ಟು ನಟ್ ಬಿಗಿಸತಕ್ಕದ್ದು. ಸಾಧಾರಣ ಕಬ್ಬಿಣದ ಬೋಲ್ಟುಗಳು ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತವೆ.

ಇ) ಕೊರೆದ ರಂಧ್ರಗಳಿಗೆ ನೀರು ಇಳಿಯದಂತೆ ಸೀಲಂಟ್ ತುಂಬುವುದು.

ಈ) ಎಂಜಿನ್ನನ್ನು ಸರಪಳಿ ಅಥವಾ ಗಟ್ಟಿ ಹಗ್ಗದಿಂದ ದೋಣಿಯ ಪ್ರತ್ಯೇಕ ಕೊಂಡಿಗೆ ಕಟ್ಟುವುದು. ಬೋಲ್ಟು ಕಳಚಿದರೂ ಎಂಜಿನ್ ಸಮುದ್ರದ ಪಾಲಾಗದು.

ಉ) ದೋಣಿ ಸಾಗುವಾಗ ಎಂಜಿನ್ನಿನ ಕಾಲು ನೀರಿಗೆ ನೇರವಾಗಿರುವಂತೆ ವಾಲುವಿಕೆಯ ಪಿನ್ ಹೊಂದಿಸುವುದು. ಕಾಲು ಹೊರಕ್ಕೆ ಚಾಚಿದ್ದರೆ ದೋಣಿಯ ಮುಂಭಾಗ ಏಳುತ್ತದೆ. ಒಳಕ್ಕೆ ಬಾಗಿದ್ದರೆ ಮುಂಭಾಗ ಅಲೆಯೊಳಗೆ ಮುಳುಗುತ್ತದೆ.

5. ಪರೀಕ್ಷೆ ಮತ್ತು ನಿರ್ವಹಣೆ

ಮೊದಲ ಚಾಲನೆಯನ್ನು ಹೊಳೆ ಅಥವಾ ಬಂದರಿನ ಶಾಂತ ನೀರಿನಲ್ಲಿ, ವಾಡಿಕೆಯಷ್ಟು ಭಾರ ಹೇರಿ ಮಾಡುವುದು ಸೂಕ್ತ. ತಂಪುಗೊಳಿಸುವ ನೀರಿನ ಧಾರೆ ಹೊರಬರುತ್ತಿದೆಯೇ ಎಂದು ನೋಡತಕ್ಕದ್ದು. ಮೊದಲ ಪ್ರಯಾಣದ ನಂತರ ಎಲ್ಲ ಬೋಲ್ಟು, ತಿರುಪುಗಳನ್ನು ಪುನಃ ಬಿಗಿಸಿ, ತದನಂತರ ಪ್ರತಿ ಬಾರಿ ಕಡಲಿಗಿಳಿಯುವ ಮುನ್ನ ಕೈಯಾಡಿಸಿ ನೋಡಬೇಕು. ಸೀಮೆಎಣ್ಣೆಯಿಂದ ಚಲಿಸುವ ಎಂಜಿನ್ನನ್ನು ಪೆಟ್ರೋಲಿನಲ್ಲಿ ಆರಂಭಿಸಿ, ನಿಲ್ಲಿಸುವ ಮೊದಲು ಮತ್ತೆ ಕೆಲಕಾಲ ಪೆಟ್ರೋಲಿನಲ್ಲಿ ಓಡಿಸಿದರೆ ಮುಂದಿನ ಬಾರಿ ಸುಲಭವಾಗಿ ಚಾಲನೆಗೊಳ್ಳುತ್ತದೆ. ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸುವುದರಿಂದ ಉಪ್ಪು ಕಟ್ಟುವುದು ತಪ್ಪುತ್ತದೆ.

ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರವನ್ನು ಚಾಲಕರು ಮಣಿಕಟ್ಟಿಗೆ ಕಟ್ಟಿಕೊಂಡಿರತಕ್ಕದ್ದು. ಚಾಲಕರು ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ತಾನಾಗಿ ನಿಲ್ಲುತ್ತದೆ. ಇಲ್ಲವಾದಲ್ಲಿ ಚಾಲಕರಿಲ್ಲದ ದೋಣಿಯು ಸುತ್ತು ಹೊಡೆಯುತ್ತಾ ನೀರಿನಲ್ಲಿರುವವರ ಮೇಲೆಯೇ ಪ್ರೊಪೆಲ್ಲರ್ ಸಹಿತ ಬರಬಹುದು. ದೋಣಿಯಲ್ಲಿರುವ ಪ್ರತಿಯೊಬ್ಬರೂ ಜೀವರಕ್ಷಕ ಜಾಕೆಟ್ ಧರಿಸುವುದು. ಎಂಜಿನ್ ಕೈಕೊಟ್ಟ ಪಕ್ಷದಲ್ಲಿ ಉಪಯೋಗಕ್ಕೆ ಹುಟ್ಟು ಮತ್ತು ಲಂಗರು ದೋಣಿಯಲ್ಲಿರಬೇಕು.

6. ದಾಖಲೆಗಳು

ಮೀನುಗಾರಿಕಾ ದೋಣಿಗಳು ನೋಂದಣಿ ಹಾಗೂ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986 ರಡಿ ಪರವಾನಗಿ ಹೊಂದಿರತಕ್ಕದ್ದು. ಹೊಸ ಎಂಜಿನ್ ಅಳವಡಿಸಿದಾಗ ಅಥವಾ ಬದಲಾಯಿಸಿದಾಗ ಖರೀದಿ ರಸೀದಿಯನ್ನು ಕಾದಿರಿಸಿ, ಎಂಜಿನ್ನಿನ ತಯಾರಿಕೆ, ಅಶ್ವಶಕ್ತಿ ಮತ್ತು ಕ್ರಮಸಂಖ್ಯೆಯನ್ನು ಸಂಬಂಧಪಟ್ಟ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸುವುದು. ದಾಖಲೆಯಲ್ಲಿರುವ ಎಂಜಿನ್ ಮತ್ತು ದೋಣಿಯಲ್ಲಿರುವ ಎಂಜಿನ್ ಬೇರೆಯಾಗಿದ್ದಲ್ಲಿ ಸೌಲಭ್ಯ ಹಾಗೂ ಪರಿಹಾರದ ಅರ್ಜಿಗಳ ಪರಿಶೀಲನೆಯಲ್ಲಿ ತೊಡಕು ಉಂಟಾಗುತ್ತದೆ.

ಸೂಚನೆ: ಸಮುದ್ರದಲ್ಲಿ ಅಪಾಯ ಎದುರಾದಾಗ ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093 ಅಥವಾ ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡುವುದು. ಕಡಲಿಗೆ ಹೊರಡುವ ಮುನ್ನ ಈ ಎರಡೂ ಸಂಖ್ಯೆಗಳನ್ನು ದೋಣಿಯಲ್ಲಿರುವ ಎಲ್ಲರೂ ತಿಳಿದಿರತಕ್ಕದ್ದು.